ಮಕ್ಕಳು ಶಾಲೆಗೆ, ಅಮ್ಮ ಬಿ.ಎಡ್‌ಗೆ!

ಮದುವೆ, ಬಾಣಂತನ, ನರ್ಸರಿ ಅಡ್ಮಿಷನ್ನು ಎನ್ನುವಷ್ಟರಲ್ಲಿ ಹತ್ತು ವರ್ಷ ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ. ಚಿಕ್ಕ ಮಗುವೂ ಒಂದನೇ ಕ್ಲಾಸಿಗೆ ಹೋಗಲು ಶುರು ಮಾಡಿದ ಮೇಲೆ ಬೆಳಿಗ್ಗೆ ಒಂಬತ್ತೂವರೆಗೆಲ್ಲಾ ಮನೆ ಖಾಲಿ. ಆಗಲೇ ನೋಡಿ, ಬೀರುವಿನ ಕೆಳಗಿನ ಅರೆಯಲ್ಲಿ ಮಲಗಿರುವ ಡಿಗ್ರಿ ಸರ್ಟಿಫಿಕೇಟು ನೆನಪಾಗುವುದು! ಮೈಸೂರಿನಂಥ ಊರಿನಲ್ಲಿ ಈ ನೆನಪು ಬಂದ ಹತ್ತು ಮಂದಿಯಲ್ಲಿ ಐದಾರು ಜನರಾದರೂ ಹೇಳುವ ಮಾತು ಒಂದೇ, ‘ಬಿ.ಎಡ್ ಮಾಡಿಬಿಡಲಾ?’

ಯಾಕೆ ಬಿ.ಎಡ್ ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಮಕ್ಕಳ ರಜಾ ಬಂದಾಗ ನಮಗೂ ರಜಾ, ಸಂಜೆ ನಾಲ್ಕೂವರೆಗೆ ಮನೆ, ಮೇಲಾಗಿ ಗೌರವದ ಕೆಲಸ. ಗಂಡಂದಿರೂ ಅತ್ತೆಯಂದಿರೂ ಅಷ್ಟಾಗಿ ತಕರಾರು ತೆಗೆಯದ ಉದ್ಯೋಗವೆಂದರೆ ಟೀಚರ್ ಕೆಲಸವೇ. ಆದರೆ ಟೀಚರ್ ಆಗುವ ಮುಂಚೆ ಎರಡು ವರ್ಷ ವಿದ್ಯಾರ್ಥಿನಿ ಆಗಬೇಕಲ್ಲ, ಆ ಎರಡು ವರ್ಷ ಹೇಗಿರುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ‘ಅಯ್ಯೋ, ಬಿ.ಎಡ್ ತಾನೇ, ಚಾರ್ಟ್ ಅಂಟಿಸಿದರಾಯ್ತು’ ಎನ್ನುವವರೇ ಹೆಚ್ಚು. ನನ್ನ ವಾರಗಿತ್ತಿ ಮೂವತ್ನಾಲ್ಕನೇ ವಯಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಈ ಕೋರ್ಸ್ ಮುಗಿಸಿದ್ದನ್ನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅವಳ ಜೊತೆ ಓದಿದ ಇನ್ನೂ ಕೆಲವು ಗೃಹಿಣಿಯರ ಹತ್ತಿರ ಮಾತಾಡಿಯೂ ಇದ್ದೇನೆ. ಈ ಸಲದ ಅರ್ಜಿ ಕರೆಯುವ ಮೊದಲೇ ನಿಮಗೂ ಅದೆಲ್ಲ ಗೊತ್ತಿರಲಿ.

ಮೊದಲು ಯಾವ ಮಕ್ಕಳಿಗೆ ಪಾಠ ಅಂತ ತೀರ್ಮಾನಿಸಿ

ಎಷ್ಟೋ ಜನ ಎಡವುವುದು ಇಲ್ಲೇ. ‘ನನಗೆ ಪುಟ್ಟ ಮಕ್ಕಳೆಂದರೆ ಇಷ್ಟ, ಅದಕ್ಕೇ ಬಿ.ಎಡ್ ಸೇರ್ತೀನಿ’ ಎಂದರೆ ಅದು ತಪ್ಪು ಲೆಕ್ಕ. ಒಂದರಿಂದ ಐದನೇ ತರಗತಿಗೆ ಪಾಠ ಮಾಡಲು ಬೇಕಾದದ್ದು ಡಿ.ಎಲ್.ಎಡ್, ಅಂದರೆ ನಮ್ಮ ಕಾಲದಲ್ಲಿ ಟಿಸಿಎಚ್, ಆಮೇಲೆ ಡಿ.ಎಡ್ ಎನ್ನುತ್ತಿದ್ದ ಎರಡು ವರ್ಷದ ಕೋರ್ಸು. ಪಿಯುಸಿ ಆದವರು ಅದನ್ನು ಸೇರಬಹುದು. ನಡುವೆ 2018ರಲ್ಲಿ ಎನ್‌ಸಿಟಿಇ ಬಿ.ಎಡ್ ಆದವರಿಗೂ ಪ್ರೈಮರಿ ತರಗತಿಗೆ ಅವಕಾಶ ಕೊಟ್ಟಿತ್ತು, ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳ ಬ್ರಿಜ್ ಕೋರ್ಸ್ ಮಾಡಬೇಕೆಂಬ ಷರತ್ತಿನ ಮೇಲೆ. ಅದು ಕೋರ್ಟಿಗೆ ಹೋಗಿ, 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ‘ಪ್ರಾಥಮಿಕ ತರಗತಿಗೆ ಬಿ.ಎಡ್ ಅರ್ಹತೆಯಲ್ಲ’ ಎಂದು ತೀರ್ಪು ಕೊಟ್ಟಿತು. ಹಾಗಾಗಿ ಬಿ.ಎಡ್ ಎಂದರೆ ನಿಮ್ಮ ಎದುರು ಕೂರುವವರು ಆರನೇ ಕ್ಲಾಸಿನಿಂದ ಮೇಲಿನವರು. ಮೀಸೆ ಚಿಗುರುತ್ತಿರುವ ಹುಡುಗರು, ಕನ್ನಡಿ ಬಿಟ್ಟು ಕದಲದ ಹುಡುಗಿಯರು. ಅವರ ಜೊತೆ ಏಗುವ ತಾಳ್ಮೆ ಇದೆಯಾ? ಮನೆಯಲ್ಲಿ ಆ ವಯಸ್ಸಿನ ಮಗ, ಮಗಳಿದ್ದರೆ ನಿಮಗೇ ಗೊತ್ತಾಗುತ್ತದೆ.

ಡಿಗ್ರಿಯಲ್ಲಿ ಕನಿಷ್ಠ ಶೇ 50 ಅಂಕ ಇರಬೇಕು, ಮೀಸಲಾತಿ ಇರುವವರಿಗೆ ಸ್ವಲ್ಪ ರಿಯಾಯಿತಿ ಉಂಟು. ವಯಸ್ಸಾಯ್ತು ಅಂತ ಕೋರ್ಸಿಗೆ ಹಿಂಜರಿಯಬೇಡಿ, ಮೂವತ್ತೈದು, ನಲವತ್ತರಲ್ಲಿ ಸೇರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಆದರೆ ಸರ್ಕಾರಿ ನೇಮಕಾತಿಗೆ ವಯೋಮಿತಿ ಇದೆ. ಸರ್ಕಾರಿ ಕೆಲಸವೇ ಗುರಿ ಎನ್ನುವವರು ಕೋರ್ಸಿನ ಎರಡು ವರ್ಷ, ಅದರ ಮೇಲೆ ಪರೀಕ್ಷೆ-ನೇಮಕಾತಿಗೆ ಕಾಯುವ ಕಾಲ, ಎಲ್ಲ ಕೂಡಿಸಿ ನೋಡಿಕೊಳ್ಳಿ.

ಇನ್ನೊಂದು, ಡಿಗ್ರಿಯಲ್ಲಿ ಓದಿದ ವಿಷಯಗಳ ಮೇಲೆಯೇ ಬಿ.ಎಡ್‌ನಲ್ಲಿ ನಿಮಗೆ ಎರಡು ಬೋಧನಾ ವಿಷಯ ಸಿಗುತ್ತದೆ, ಕಾಲೇಜಿನವರ ಭಾಷೆಯಲ್ಲಿ ‘ಮೆಥಡ್’. ಚರಿತ್ರೆ ಮತ್ತು ಐಚ್ಛಿಕ ಕನ್ನಡ ಓದಿದ್ದ ನನ್ನ ವಾರಗಿತ್ತಿಗೆ ಸಮಾಜ ವಿಜ್ಞಾನ ಮತ್ತು ಕನ್ನಡ ಸಿಕ್ಕಿತು. ನಿಮ್ಮ ವಿಷಯಗಳಿಗೆ ಯಾವ ಮೆಥಡ್, ಅದಕ್ಕೆ ಯಾವ ಹುದ್ದೆ ಎನ್ನುವುದನ್ನು ಫೀಸು ಕಟ್ಟುವ ಮುಂಚೆ ಕೇಳಿ. ಮೈಸೂರಿನವರಿಗೆ ನಜರ್‌ಬಾದ್ ಕಡೆ ವಸಂತಮಹಲ್‌ನಲ್ಲಿ ಡಯಟ್ ಇದೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ಅಲ್ಲೇ ಹೋಗಿ ವಿಚಾರಿಸಿದರೆ ನಾಲ್ಕು ಜನರ ನಾಲ್ಕು ಥರದ ಮಾತು ಕೇಳುವ ಗೋಜಿಲ್ಲ.

ಅಟೆಂಡೆನ್ಸ್ ಎಂಬ ಗುಮ್ಮ

ಹಿಂದೆ ಬಿ.ಎಡ್ ಒಂದೇ ವರ್ಷ. ಎನ್‌ಸಿಟಿಇಯ 2014ರ ನಿಯಮಗಳು ಬಂದ ಮೇಲೆ, 2015-16ರಿಂದ ಎರಡು ವರ್ಷವಾಯಿತು. 2025ರ ಫೆಬ್ರವರಿಯಲ್ಲಿ ಮತ್ತೆ ಒಂದು ಕರಡು ಪ್ರಕಟವಾಯಿತು, ಸ್ನಾತಕೋತ್ತರ ಪದವಿ ಇರುವವರಿಗೆ ಮತ್ತು ನಾಲ್ಕು ವರ್ಷದ ಡಿಗ್ರಿ ಮಾಡಿದವರಿಗೆ ಒಂದು ವರ್ಷದ ಬಿ.ಎಡ್ ಕೊಡುವ ಬಗ್ಗೆ. ಕರಡು ನಂಬಿ ಕೂರಬೇಡಿ, ನೀವು ಅರ್ಜಿ ಹಾಕುವ ವರ್ಷ ಯಾವ ನಿಯಮ ಜಾರಿಯಲ್ಲಿದೆಯೋ ಅದೇ ನಿಮಗೆ ಲೆಕ್ಕ.

2014ರ ಆ ನಿಯಮದ ಪ್ರಕಾರ ವರ್ಷಕ್ಕೆ ಕನಿಷ್ಠ 200 ದಿನ ಕಾಲೇಜು ನಡೆಯಬೇಕು, ವಾರಕ್ಕೆ 36 ಗಂಟೆ. ತರಗತಿಗಳಿಗೆ ಶೇ 80, ಶಾಲೆಯಲ್ಲಿ ಪಾಠ ಮಾಡುವ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಬೇಕೇ ಬೇಕು. ಒಂದು ಸಲ ಈ ಲೆಕ್ಕವನ್ನು ಮನೆಯ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ನಾದಿನಿ ಮಗುವಿನ ನಾಮಕರಣ, ಊರಿನ ಜಾತ್ರೆ, ಮಾವನವರ ಕಣ್ಣಿನ ಆಪರೇಷನ್, ಮಗನ ಜ್ವರ... ಇಷ್ಟಕ್ಕೇ ರಜಾ ಮುಗಿದು ಹೋಯಿತು! ಡಿಗ್ರಿಯಲ್ಲಿ ‘ಪ್ರಾಕ್ಸಿ’ ಹಾಕಿಸಿದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಯಾಕೆಂದರೆ ತರಗತಿಯಲ್ಲಿ ಇರುವುದೇ ಐವತ್ತು ಜನ, ಲೆಕ್ಚರರ್‌ಗಳಿಗೆ ಎಲ್ಲರ ಮುಖ ಗೊತ್ತು.

‘ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ಉಳಿದದ್ದು ನಾವು ನೋಡ್ಕೋತೀವಿ’ ಎನ್ನುವ ದಲ್ಲಾಳಿಗಳು ಈ ಕೋರ್ಸಿನ ಸುತ್ತ ಹಿಂದಿನಿಂದಲೂ ಸುತ್ತುತ್ತಲೇ ಇದ್ದಾರೆ. ಮನೆ ಬಿಟ್ಟು ಬರಲಾಗದ ಹೆಂಗಸರೇ ಅವರ ಗಿರಾಕಿಗಳು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಅಂಥ ಬಿ.ಎಡ್‌ಗೆ ಕೊಡುವ ದುಡ್ಡಲ್ಲಿ ಒಂದು ಜೊತೆ ಬಳೆ ಮಾಡಿಸಿಕೊಳ್ಳಿ, ಅದಾದರೂ ಕೈಯಲ್ಲಿರುತ್ತದೆ. ನಲವತ್ತು ಮಕ್ಕಳ ಮುಂದೆ ನಿಂತು ಒಂದು ಪಾಠವನ್ನೂ ಮಾಡದವರು ಸರ್ಟಿಫಿಕೇಟ್ ಹಿಡಿದು ಇಂಟರ್‌ವ್ಯೂಗೆ ಹೋದರೆ, ಡೆಮೊ ಕ್ಲಾಸಿನ ಮೊದಲ ಐದು ನಿಮಿಷದಲ್ಲೇ ಬಣ್ಣ ಬಯಲು.

ಗರ್ಭಿಣಿಯರಾಗಿ, ಬಾಣಂತಿಯರಾಗಿ ನಡುವೆ ಬಿಟ್ಟವರು ಗಾಬರಿಯಾಗಬೇಕಿಲ್ಲ. ಎರಡು ವರ್ಷದ ಕೋರ್ಸನ್ನು ಸೇರಿದ ದಿನದಿಂದ ಮೂರು ವರ್ಷದೊಳಗೆ ಮುಗಿಸಲು ಅದೇ ನಿಯಮದಲ್ಲಿ ಅವಕಾಶ ಇದೆ. ಪ್ರಿನ್ಸಿಪಾಲರ ಹತ್ತಿರ ಬಾಯಿಮಾತಲ್ಲಿ ಹೇಳಿ ಸುಮ್ಮನಾಗದೆ ಅರ್ಜಿ ಬರೆದು ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

ಐದು ನಿಮಿಷದ ಪಾಠ, ಮೂರು ದಿನದ ನಡುಕ

ಮೊದಲ ಸೆಮಿಸ್ಟರಿನಲ್ಲಿ ಮನಃಶಾಸ್ತ್ರ, ಶಿಕ್ಷಣದ ತತ್ವಗಳು ಎಂದು ಓದುವುದು ಇದ್ದೇ ಇದೆ, ಅದು ಹೇಗೋ ಸಾಗುತ್ತದೆ. ಹತ್ತು ವರ್ಷ ಪುಸ್ತಕ ಮುಟ್ಟದ ಕೈಗೆ ಮೂರು ಗಂಟೆ ಬರೆಯುವುದೇ ಕಷ್ಟ, ಬೆರಳು ನೋವು ಬರುತ್ತದೆ ಅಷ್ಟೆ. ದಿನಕ್ಕೆರಡು ಪುಟ ಬರೆದು ಅಭ್ಯಾಸ ಮಾಡಿಕೊಂಡರೆ ಸರಿಹೋಗುತ್ತದೆ.

ನಿಜವಾದ ಪರೀಕ್ಷೆ ಶುರುವಾಗುವುದು ಮೈಕ್ರೋ ಟೀಚಿಂಗ್‌ನಲ್ಲಿ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಇದು. ಕನ್ನಡದಲ್ಲಿ ಸೂಕ್ಷ್ಮ ಬೋಧನೆ ಅಂತಾರೆ. ಐದಾರು ನಿಮಿಷ ಪಾಠ ಮಾಡಬೇಕು, ಅದರಲ್ಲಿ ಒಂದೇ ಒಂದು ಕೌಶಲ ತೋರಿಸಬೇಕು. ಇವತ್ತು ಪೀಠಿಕೆ ಹಾಕುವುದು, ನಾಳೆ ಪ್ರಶ್ನೆ ಕೇಳುವುದು, ನಾಡಿದ್ದು ಕಪ್ಪುಹಲಗೆ ಬಳಸುವುದು. ಎದುರಿಗೆ ಮಕ್ಕಳ ಪಾತ್ರದಲ್ಲಿ ಕೂರುವವರು ನಿಮ್ಮ ಸಹಪಾಠಿಗಳೇ. ಅವರೇ ಪೆನ್ಸಿಲ್ ಹಿಡಿದು ತಪ್ಪು ಗುರುತು ಹಾಕುತ್ತಾರೆ. ಆಮೇಲೆ ಅದನ್ನೇ ತಿದ್ದಿ ಇನ್ನೊಮ್ಮೆ ಮಾಡಿ ತೋರಿಸಬೇಕು.

ಕೇಳಲು ಆಟದ ಹಾಗಿದೆ. ಆದರೆ ಇಪ್ಪತ್ತೆರಡು ವರ್ಷದ ಹುಡುಗಿಯರ ಮುಂದೆ ನಿಂತು ‘ಮಕ್ಕಳೇ’ ಎನ್ನಲು ವಾರಗಿತ್ತಿಗೆ ನಾಲಿಗೆ ಹೊರಳಲಿಲ್ಲವಂತೆ. ‘ಅಕ್ಕ, ಮೂರು ದಿನ ಊಟ ಸೇರಲಿಲ್ಲ. ಮನೆಯಲ್ಲಿ ಇಷ್ಟು ಜೋರು ಬಾಯಿ ಮಾಡೋಳು, ಅಲ್ಲಿ ದನಿಯೇ ಹೊರಡ್ತಿಲ್ಲ’ ಎಂದಿದ್ದಳು. ಅವಳಿಗೆ ಬಿದ್ದ ಮೊದಲ ಟೀಕೆ ಏನು ಗೊತ್ತೇ? ಪ್ರಶ್ನೆ ಕೇಳಿ, ಉತ್ತರಕ್ಕೂ ಕಾಯದೆ ತಾನೇ ಉತ್ತರ ಹೇಳಿಬಿಡುತ್ತಾಳೆ ಅಂತ. ಇದು ಅಮ್ಮಂದಿರ ಅಭ್ಯಾಸ! ‘ಹೋಂವರ್ಕ್ ಆಯ್ತಾ? ಆಗಿರಲ್ಲ ಬಿಡು’ ಎನ್ನುತ್ತೇವಲ್ಲ, ಥೇಟ್ ಹಾಗೇ. ಕೇಳಿ ನಾಲ್ಕೈದು ಸೆಕೆಂಡ್ ಸುಮ್ಮನಿರುವುದನ್ನು ಕಲಿಯಲು ಅವಳಿಗೆ ತಿಂಗಳೇ ಹಿಡಿಯಿತು.

ಚಿಕ್ಕ ಹುಡುಗಿಯರು ಮೊದಮೊದಲು ‘ಆಂಟಿ’ ಎಂದವರು ಆಮೇಲೆ ‘ಅಕ್ಕ’ ಎಂದರು. ಯೂನಿಫಾರಂ ಸೀರೆ ಉಡುವ ದಿನ ಬೆಳಿಗ್ಗೆ ಎಂಟು ಗಂಟೆಗೇ ಲೇಡೀಸ್ ರೂಮಿನಲ್ಲಿ ಐದಾರು ಜನರಿಗೆ ನೆರಿಗೆ ಹಿಡಿದು ಪಿನ್ ಹಾಕುವ ಕೆಲಸ ಇವಳದ್ದು. ಬದಲಿಗೆ ಕಂಪ್ಯೂಟರಿನಲ್ಲಿ ಪಿಪಿಟಿ ಮಾಡಿಕೊಡುವುದು ಅವರ ಕೆಲಸ. ಪೌರತ್ವ ತರಬೇತಿ ಶಿಬಿರದಲ್ಲಿ ಐವತ್ತು ಜನಕ್ಕೆ ಉಪ್ಪಿಟ್ಟಿನ ಅಳತೆ ಗೊತ್ತಿದ್ದದ್ದು ಗೃಹಿಣಿಯರಿಗೆ ಮಾತ್ರ ಅಂತ ಬೇರೆ ಹೇಳಬೇಕಿಲ್ಲವಲ್ಲ!

ನಿಜವಾದ ಶಾಲೆ, ನಿಜವಾದ ಮಕ್ಕಳು

ಎರಡು ವರ್ಷದಲ್ಲಿ ಒಟ್ಟು ಇಪ್ಪತ್ತು ವಾರ ಶಾಲೆಯಲ್ಲೇ ಇರಬೇಕು. ಮೊದಲ ವರ್ಷ ನಾಲ್ಕು ವಾರ, ಎರಡನೇ ವರ್ಷ ಹದಿನಾರು ವಾರ. ಪ್ರತಿ ಪಾಠಕ್ಕೂ ಪಾಠಯೋಜನೆ ಬರೆದು ಸಹಿ ಹಾಕಿಸಬೇಕು. ಈಗ ಬಹಳ ಕಡೆ ‘ಐದು ಇ’ ಮಾದರಿ. ಮಕ್ಕಳನ್ನು ತೊಡಗಿಸುವುದು, ಅವರೇ ಹುಡುಕುವಂತೆ ಮಾಡುವುದು, ವಿವರಿಸುವುದು, ವಿಸ್ತರಿಸುವುದು, ಕೊನೆಗೆ ಮೌಲ್ಯಮಾಪನ. ಒಂದು ಪಾಠಯೋಜನೆಗೆ ಶುರುವಿನಲ್ಲಿ ಎರಡು, ಎರಡೂವರೆ ಗಂಟೆ ಬೇಕು. ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಕೂತರೆ ಹನ್ನೆರಡೂವರೆ. ಎರಡನೇ ತಿಂಗಳಿಗೆ ಅದೇ ಮುಕ್ಕಾಲು ಗಂಟೆಗೆ ಇಳಿಯುತ್ತದೆ, ಧೈರ್ಯವಾಗಿರಿ.

ವಾರಗಿತ್ತಿಗೆ ಸಿಕ್ಕಿದ್ದು ಊರಂಚಿನ ಒಂದು ಸರ್ಕಾರಿ ಹೈಸ್ಕೂಲು. ಮೊದಲ ಪಾಠ ಎಂಟನೇ ತರಗತಿಗೆ, ಗಂಗರ ಬಗ್ಗೆ. ನಲವತ್ತು ನಿಮಿಷಕ್ಕೆಂದು ತಯಾರಾದದ್ದು ಹದಿನೆಂಟು ನಿಮಿಷಕ್ಕೇ ಮುಗಿದು ಹೋಯಿತು! ಹಿಂದಿನ ಬೆಂಚಿನಲ್ಲಿ ಮೆಥಡ್ ಲೆಕ್ಚರರ್ ಕೆಂಪು ಪೆನ್ನು ಹಿಡಿದು ಕೂತಿದ್ದಾರೆ, ಮುಂದೆ ನಲವತ್ತೆರಡು ಮಕ್ಕಳು ಪಿಳಿಪಿಳಿ ನೋಡುತ್ತಿದ್ದಾರೆ. ಒಬ್ಬ ಹುಡುಗ ಎದ್ದು, ‘ಮಿಸ್, ನೀವು ನಿಜವಾದ ಟೀಚರ್ರಾ, ಇಲ್ಲಾ ಬಿ.ಎಡ್ ಮಿಸ್ಸಾ?’ ಅಂತ ಕೇಳಿದನಂತೆ. ಶಾಲೆಯ ಮಕ್ಕಳಿಗೆ ವರ್ಷವರ್ಷ ಬಂದುಹೋಗುವ ಬಿ.ಎಡ್ ಮಿಸ್‌ಗಳು ಹೊಸಬರಲ್ಲ. ಯಾರು ಹೆದರುತ್ತಾರೆ, ಯಾರು ಹೆದರಿಸುತ್ತಾರೆ ಅಂತ ಎರಡೇ ದಿನದಲ್ಲಿ ಅಳೆದುಬಿಡುತ್ತಾರೆ.

ಒಂದು ಕಿವಿಮಾತು ಇಲ್ಲಿ. ಪ್ರತಿ ಪಾಠದ ಕೊನೆಗೂ ಹತ್ತು ನಿಮಿಷಕ್ಕಾಗುವಷ್ಟು ಹೆಚ್ಚುವರಿ ಚಟುವಟಿಕೆ ಕೈಯಲ್ಲಿರಲಿ. ಒಂದು ನಕ್ಷೆ ತುಂಬುವುದು, ಹೊಂದಿಸಿ ಬರೆಯುವುದು, ಏನಾದರೂ ಸರಿ. ಬೋಧನೋಪಕರಣಕ್ಕೆ ಅಂತ ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಥರ್ಮಾಕೋಲು, ಮಿನುಗು ಹಾಳೆಗೆ ನೂರಾರು ರೂಪಾಯಿ ಸುರಿಯಬೇಡಿ. ಅಡುಗೆಮನೆಯೇ ದೊಡ್ಡ ಅಂಗಡಿ. ಕರ್ನಾಟಕದ ಬೆಳೆಗಳ ನಕ್ಷೆಗೆ ರಾಗಿ, ಜೋಳ, ತೊಗರಿ, ಕಾಫಿಬೀಜವನ್ನೇ ಅಂಟಿಸಿದ್ದಕ್ಕೆ ಇವಳಿಗೆ ಅಚ್ಚಾದ ಚಾರ್ಟಿಗಿಂತ ಹೆಚ್ಚು ಅಂಕ ಬಂತು. ಮಕ್ಕಳು ಮುಟ್ಟಿ ನೋಡಿದರು, ಒಬ್ಬಳು ತೊಗರಿ ಕಿತ್ತು ಬಾಯಿಗೂ ಹಾಕಿಕೊಂಡಳು.

ಈ ಶಾಲೆಯಲ್ಲೇ ಇನ್ನೊಂದು ಸಂಗತಿ ನಡೆಯಿತು. ಬಿ.ಎಡ್‌ನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು ವ್ಯಕ್ತಿ ಅಧ್ಯಯನ ಮಾಡುವ ಕೆಲಸ ಕೊಡುತ್ತಾರೆ. ಕೇಸ್ ಸ್ಟಡಿ ಅಂತಾರಲ್ಲ, ಅದೇ. ಬಹಳ ಜನ ಕೂತಲ್ಲೇ ಕಥೆ ಕಟ್ಟಿ ಬರೆದು ಮುಗಿಸುತ್ತಾರೆ. ವಾರಗಿತ್ತಿ ಆರಿಸಿಕೊಂಡದ್ದು ನೋಟ್ಸ್ ಬರೆಯದೇ ಸದಾ ಕಿಟಕಿಯಾಚೆ ನೋಡುತ್ತಿದ್ದ ಕೊನೇ ಬೆಂಚಿನ ಹುಡುಗನನ್ನು. ಎಲ್ಲರೂ ‘ಸೋಮಾರಿ’ ಅಂದಿದ್ದರು. ನಾಲ್ಕು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಪಕ್ಕ ಕೂತು ಮಾತಾಡಿಸಿದಾಗ ಗೊತ್ತಾಯಿತು, ಅವನಿಗೆ ಒತ್ತಕ್ಷರ ಬಂದರೆ ಓದಲಾಗುತ್ತಿಲ್ಲ. ಎಂಟನೇ ಕ್ಲಾಸಿನವರೆಗೆ ಯಾರಿಗೂ ಹೇಳದೆ ಪಕ್ಕದವನ ಪುಸ್ತಕ ನೋಡಿಕೊಂಡು ಬಂದಿದ್ದಾನೆ. ಬೋರ್ಡಿನ ಮೇಲೆ ಇವಳು ಚೆಂದಾಗಿ ಬರೆದ ಗಂಗರು, ದುರ್ವಿನೀತ ಎಲ್ಲಾ ಅವನಿಗೆ ಬರೀ ಗೆರೆಗಳು! ದಿನಾ ಹದಿನೈದು ನಿಮಿಷ ಅವನಿಗೆ ಒತ್ತಕ್ಷರ ಹೇಳಿಕೊಟ್ಟಳು. ಹದಿನಾರು ವಾರ ಮುಗಿಯುವಾಗ ಅವನು ನಿಧಾನವಾಗಿ, ಬೆರಳಿಟ್ಟುಕೊಂಡು ಒಂದು ಪ್ಯಾರಾ ಓದುತ್ತಿದ್ದ. ಅಷ್ಟೇ ಆದದ್ದು, ಪವಾಡವೇನೂ ಆಗಲಿಲ್ಲ. ಆದರೆ ಆ ತಿಂಗಳಿಂದ ತನ್ನ ಮಗ ಓದುವಾಗ ತಡವರಿಸಿದರೆ ಅವಳು ತಲೆಗೆ ಮೊಟಕುವುದನ್ನು ಬಿಟ್ಟಳು. ನಾನೇ ನೋಡಿದ್ದೇನೆ.

ಮನೆಯವರ ಕಥೆ

ಇದನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಅತ್ತೆಗೆ ಈ ಓದು ಕೊನೆಯವರೆಗೂ ಹಿಡಿಸಲಿಲ್ಲ. ‘ಏನಮ್ಮಾ, ಈ ವಯಸ್ಸಲ್ಲಿ ಅಂಟು, ಕತ್ತರಿ ಹಿಡ್ಕೊಂಡು ಕೂತಿದ್ದೀಯ, ನೆಂಟರು ಬಂದರೆ ಏನಂದಾರು’ ಎನ್ನುವುದು ಎರಡು ವರ್ಷವೂ ನಡೆಯಿತು. ಮಾವನವರು ಮಾತಾಡದೆ ಮೊಮ್ಮಕ್ಕಳನ್ನು ವ್ಯಾನ್‌ನಿಂದ ಇಳಿಸಿಕೊಂಡು, ಹಾಲು ಕಾಯಿಸಿ ಕೊಡುವ ಕೆಲಸ ತಾವೇ ವಹಿಸಿಕೊಂಡರು. ಮೈದುನ ಒಪ್ಪಿಕೊಂಡದ್ದು ಬೆಳಗಿನ ತಿಂಡಿಯ ಪಾತ್ರೆ ತೊಳೆಯಲು ಮಾತ್ರ! ಅದೂ ವಾರಕ್ಕೆ ನಾಲ್ಕು ದಿನ. ಎರಡನೇ ಸೆಮಿಸ್ಟರ್ ಪರೀಕ್ಷೆಗೆ ಸರಿಯಾಗಿ ಮಗಳಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದಾಗ ಒಂದು ಪೇಪರ್ ಬಿಡಲೇಬೇಕಾಯಿತು. ಆ ವಾರ ‘ಸಾಕಕ್ಕ, ಬಿಟ್ಟುಬಿಡ್ತೀನಿ’ ಎಂದು ಅತ್ತಿದ್ದಳು. ಬಿಡಲಿಲ್ಲ, ಮುಂದೆ ಬರೆದು ಪಾಸಾದಳು.

ಆದ್ದರಿಂದ ಸೇರುವ ಮೊದಲೇ ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ. ‘ನಾನು ಓದಲಾ?’ ಎಂದು ಕೇಳುವುದಕ್ಕಿಂತ, ‘ಮಂಗಳವಾರ ನಾಲ್ಕಕ್ಕೆ ಮಗುವನ್ನು ಯಾರು ಕರೆದುಕೊಂಡು ಬರುತ್ತೀರಿ?’ ಎಂದು ಕೇಳಿ. ಮೊದಲನೆಯದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ, ಎರಡನೆಯದಕ್ಕೆ ಉತ್ತರ ಸಿಕ್ಕರೆ ಮಾತ್ರ ಕೆಲಸ ಆಗುತ್ತದೆ. ಇಂಟರ್ನ್‌ಶಿಪ್ ಇರುವ ಹದಿನಾರು ವಾರಕ್ಕೆ ಮೇಲುಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳುವುದಾದರೆ ಆ ಖರ್ಚನ್ನೂ ಫೀಸಿನ ಲೆಕ್ಕಕ್ಕೇ ಸೇರಿಸಿ. ಓಡಾಟದ ಖರ್ಚು ಮಾತ್ರ ಉಳಿಯಿತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸಿಟಿ ಬಸ್ಸು ನಮಗೆ ಪುಕ್ಕಟೆ.

ಮಗಳು ಪಿಯುಸಿಯಲ್ಲಿದ್ದರೆ...

ಟೀಚರ್ ಆಗುವ ಆಸೆ ನಿಮ್ಮದಲ್ಲ, ಮಗಳದ್ದಾದರೆ ದಾರಿ ಬೇರೆ. ನಮ್ಮ ಮಾನಸಗಂಗೋತ್ರಿಯಲ್ಲೇ ಇರುವ ಆರ್‌ಐಇಯನ್ನು, ಅಂದರೆ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು, ಮೈಸೂರಿನವರೇ ಎಷ್ಟೋ ಜನ ಹೊರಗಿನಿಂದ ಮಾತ್ರ ನೋಡಿದ್ದಾರೆ. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರಿನಲ್ಲಿ ದೇಶಕ್ಕೆ ನಾಲ್ಕು ಅಂತ ಶುರುವಾದ ಸಂಸ್ಥೆಗಳಲ್ಲಿ ಇದೊಂದು, ಎನ್‌ಸಿಇಆರ್‌ಟಿಗೆ ಸೇರಿದ್ದು. ಡಿಗ್ರಿ ಮತ್ತು ಬಿ.ಎಡ್ ಎರಡನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಕೊಡುವ ಪದ್ಧತಿ ಇಲ್ಲಿ ಹಳೆಯದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈಗ ಅದನ್ನೇ ಇಡೀ ದೇಶಕ್ಕೆ ಹೇಳುತ್ತಿದೆ. ಆವರಣದಲ್ಲೇ ಡಿಎಂ ಸ್ಕೂಲ್ ಇರುವುದರಿಂದ ಪಾಠಾಭ್ಯಾಸಕ್ಕೆ ಮಕ್ಕಳು ಕೈಯಳತೆಯಲ್ಲೇ ಇದ್ದಾರೆ. ಪ್ರವೇಶ ಪರೀಕ್ಷೆ ಇದೆ, ದಕ್ಷಿಣದ ಎಲ್ಲ ರಾಜ್ಯಗಳ ಮಕ್ಕಳೂ ಬರುತ್ತಾರೆ. ಹಾಗಾಗಿ ದ್ವಿತೀಯ ಪಿಯುಸಿ ಶುರುವಿನಿಂದಲೇ ಅರ್ಜಿಯ ದಿನಾಂಕದ ಮೇಲೆ ಕಣ್ಣಿಟ್ಟಿರಿ.

ಮುಗಿದ ಮೇಲೆ ಏನು?

ಆರರಿಂದ ಎಂಟನೇ ತರಗತಿಯ ಸರ್ಕಾರಿ ಹುದ್ದೆ ಬೇಕೆಂದರೆ ಟಿಇಟಿ ಎರಡನೇ ಪತ್ರಿಕೆ ಪಾಸಾಗಿರಬೇಕು. 150 ಅಂಕ, ಪಾಸಾಗಲು ಶೇ 60, ಮೀಸಲು ವರ್ಗದವರಿಗೆ ರಿಯಾಯಿತಿ. ಅದರಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೇ. ಆದ್ದರಿಂದ ಬಿ.ಎಡ್ ಮನಃಶಾಸ್ತ್ರದ ನೋಟ್ಸನ್ನು ರದ್ದಿಗೆ ಹಾಕಬೇಡಿ! ಹಿಂದೆ ಟಿಇಟಿಗೆ ಏಳೇ ವರ್ಷದ ಆಯುಸ್ಸು. 2021ರಲ್ಲಿ ಅದನ್ನು ಜೀವಮಾನಪೂರ್ತಿ ಎಂದು ಬದಲಾಯಿಸಿದ್ದು ನಮ್ಮಂಥವರಿಗೆ ದೊಡ್ಡ ಅನುಕೂಲ. ಪಾಸಾದ ಮೇಲೆ ನಡುವೆ ಮನೆ ಜವಾಬ್ದಾರಿ ಬಂದು ನಾಲ್ಕು ವರ್ಷ ಸುಮ್ಮನೆ ಕೂತರೂ ಅದು ಕೆಡುವುದಿಲ್ಲ.

ಖಾಸಗಿ ಶಾಲೆಗಳ ಸಂಬಳದ ಬಗ್ಗೆ ಕನಸು ಕಟ್ಟಬೇಡಿ. ವಾರಗಿತ್ತಿಗೆ ಮೊದಲು ಸಿಕ್ಕಿದ್ದು ತಿಂಗಳಿಗೆ ಹನ್ನೆರಡು ಸಾವಿರ. ಕೆಲವು ಕಡೆ ಬೇಸಿಗೆ ರಜೆಯ ಸಂಬಳವೇ ಕೊಡುವುದಿಲ್ಲ. ಇನ್ನು ಕೆಲವು ಕಡೆ ಒರಿಜಿನಲ್ ಮಾರ್ಕ್ಸ್ ಕಾರ್ಡು ಇಟ್ಟುಕೊಳ್ಳುತ್ತಾರೆ, ಕೊಡಲೇಬೇಡಿ, ಜೆರಾಕ್ಸ್ ಕೊಡಿ. ನೇಮಕದ ಪತ್ರ ಕೇಳಿ ಪಡೆಯಿರಿ. ಸಂಕೋಚ ಪಡಬೇಡಿ, ನೀವು ಪುಕ್ಕಟೆ ಕೆಲಸಕ್ಕೆ ಬಂದವರಲ್ಲ. ನಿಮ್ಮ ಮಗು ಅದೇ ಶಾಲೆಯಲ್ಲಿದ್ದರೆ ಫೀಸಿನಲ್ಲಿ ರಿಯಾಯಿತಿ ಎಷ್ಟು ಎನ್ನುವುದನ್ನೂ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಅರ್ಜಿಗೆ ಮುಂಚೆ ಒಂದು ಸಣ್ಣ ಕೆಲಸ

ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಮಾರ್ಕ್ಸ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ ಎಲ್ಲ ಒಂದು ಕಡೆ ತೆಗೆದಿಡಿ. ಮುಖ್ಯವಾಗಿ ಹೆಸರು ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯದೇ ಒಂದು. ಮದುವೆಯಾದ ನಮ್ಮೆಲ್ಲರ ಕಥೆಯೂ ಇದೇ ತಾನೇ? ದಾಖಲೆ ಪರಿಶೀಲನೆಯ ಕೌಂಟರಿನಲ್ಲಿ ನಿಂತು ಪೇಚಾಡುವುದಕ್ಕಿಂತ ಬೇಸಿಗೆಯಲ್ಲೇ ಆಧಾರ್ ಸರಿಪಡಿಸಿಕೊಳ್ಳಿ, ಆಗದಿದ್ದರೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಕೊಂಡು ಎರಡು ಪ್ರತಿ ಫೈಲಿನಲ್ಲಿ ಇಟ್ಟುಕೊಳ್ಳಿ. ಡಿಗ್ರಿಯ ಘಟಿಕೋತ್ಸವ ಪ್ರಮಾಣಪತ್ರವನ್ನು ಇನ್ನೂ ತಂದೇ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ. ನೀವೂ ಅವರಲ್ಲಿ ಒಬ್ಬರಾದರೆ ನಾಳೆಯೇ ಯೂನಿವರ್ಸಿಟಿಗೆ ಅರ್ಜಿ ಹಾಕಿ, ಅದು ಕೈಸೇರಲು ಸಮಯ ಹಿಡಿಯುತ್ತದೆ.